ಮಾರ್ಕಂಡಪ್ಪನ ಜಪಾನ್ ವೀಸಾ

ಮೊಳಕಾಲ್ಮೂರಿನ ಮಾರ್ಕಂಡಪ್ಪ ರೇಷ್ಮೆ ಸೀರೆ ನೇಯುವುದರಲ್ಲಿ ನಿಸ್ಸೀಮ, ಬುದ್ಧಿ ಮಾತ್ರ ಅಷ್ಟಕ್ಕಷ್ಟೆ. ೧೯೯೮ರಲ್ಲಿ ಕೈಮಗ್ಗ ಕಲಿಸಲು ಜಪಾನಿನವರು ಅವನನ್ನು ಐದು ವರ್ಷಕ್ಕೆ ಕರೆದರು. ಅಂದಿನಿಂದ ಮಹಾಶಯನಿಗೆ ಮಗ್ಗದ ಗುಂಡಿಗೆ ಕಾಲಿಳಿಸುವುದೇ ಅವಮಾನವಾಯಿತು. ಚಳ್ಳಕೆರೆಯಲ್ಲಿ ಕೋಟು ಹೊಲಿಸಿದ, ಬೂಟು ಕೊಂಡ. ಅದುವರೆಗೆ ಅವನಿಗೆ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದ ಹೆಂಡತಿ ಭೂದೇವಿಯೇ ಮಗ್ಗಕ್ಕೆ ಕೂತಳು.

ವೀಸಾಕ್ಕೆಂದು ಮದ್ರಾಸಿನ ಜಪಾನ್ ಕಚೇರಿಗೆ ಹೋದಾಗ ಅಧಿಕಾರಿ ಏನು ಕೆಲಸವೆಂದು ಕೇಳಿದರು. ನೇಕಾರ ಎನ್ನಲು ಇವನಿಗೆ ನಾಲಿಗೆ ಹೊರಳಲಿಲ್ಲ.

"ನಾನು ಮ್ಯಾನೇಜರು ಸಾರ್. ನೇಯೋದೆಲ್ಲ ಆಳುಗಳ ಕೆಲಸ."

ನೇಕಾರನಿಗೆಂದೇ ಇದ್ದ ವೀಸಾ ಮ್ಯಾನೇಜರಿಗೆ ಸಿಗಲಿಲ್ಲ.

ಊರಿಗೆ ಬಂದು ನಡೆದದ್ದನ್ನು ಹೇಳಿದ. ಭೂದೇವಿ ಮಗ್ಗದಿಂದ ತಲೆಯೆತ್ತಲಿಲ್ಲ.

"ಮ್ಯಾನೇಜರ್ ಸಾಹೇಬ್ರೇ, ಬೂಟು ಬಿಚ್ಚಿ ಕಂಡಿಕೆ ಸುತ್ರಿ. ನೇಯೋಕೆ ಆಳು ನಾನಿದೀನಿ."