ಮೂಗರ್ಜಿಯಲ್ಲಿದ್ದ ನನ್ನ ವಾಕ್ಯ

ಅರಸೀಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಐವತ್ತರ ದಶಕದ ಕೊನೆಯ ಮಾತು, ಈಗ ಹೇಳಿ ಯಾರಿಗೂ ಉಪಯೋಗವಿಲ್ಲ.

ಬೆಳಗಿನ ಜಾವ ಎದ್ದು ಎಂಟು ಗಂಟೆಯವರೆಗೆ ಕಥೆ ಬರೆಯುತ್ತಿದ್ದೆ. ಮನೆ ಎಂದರೆ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡಿಗೆಮನೆ. ಹೆಂಡತಿ ಒಲೆ ಹಚ್ಚಿದರೆ ಹೊಗೆಯೆಲ್ಲ ನಾನು ಕೂತ ಕಡೆಗೇ ಬರುತ್ತಿತ್ತು. ಅದಕ್ಕಿಂತ ಕಷ್ಟವಾಗುತ್ತಿದ್ದದ್ದು ಭಾಷೆ. 'ಮೇಲ್ಕಂಡ', 'ಸದರಿ', 'ಅವಗಾಹನೆಗೆ' ಎಂಬ ಕಚೇರಿಯ ಮಾತುಗಳು ತಾವಾಗಿಯೇ ಕಥೆಯೊಳಕ್ಕೆ ಇಳಿದುಬಿಡುತ್ತಿದ್ದವು. ಅವನ್ನು ಹೊಡೆದುಹಾಕಿ ಮತ್ತೆ ಬರೆಯುವಷ್ಟರಲ್ಲಿ ಕಚೇರಿಗೆ ಹೊತ್ತಾಗುತ್ತಿತ್ತು. ವರ್ಷಕ್ಕೆ ಎರಡೋ ಮೂರೋ ಕಥೆ ಒಂದು ಸಣ್ಣ ಮಾಸಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಓದಿದೆ ಎಂದು ಊರಿನಲ್ಲಿ ಒಬ್ಬರೂ ಹೇಳಿದ್ದಿಲ್ಲ. ನಾನು ಬರೆಯುತ್ತೇನೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಅದೇ ಸಮಯಕ್ಕೆ ನಮ್ಮ ಸಾಹೇಬರ ಮೇಲೆ ಹಾಸನಕ್ಕೆ ಒಂದು ಮೂಗರ್ಜಿ ಹೋಯಿತು. ಗಂಡಸಿ, ಕಣಕಟ್ಟೆ ಕಡೆಯಿಂದ ಬಂದ ರೈತರನ್ನು ದಿನವೆಲ್ಲ ನಿಲ್ಲಿಸಿ ಸಂಜೆ 'ನಾಳೆ ಬಾ' ಎಂದು ಕಳಿಸುತ್ತಾರೆ ಎಂಬುದು ದೂರು. ಅದು ಸುಳ್ಳಲ್ಲ. ಸಹಿಯಿಲ್ಲದ ಆ ಅರ್ಜಿ, ವಿವರಣೆ ಕೇಳಿಕೊಂಡು ನಮ್ಮ ಕಚೇರಿಗೇ ವಾಪಸು ಬಂತು.

ಹೆಡ್ ಗುಮಾಸ್ತರು ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು. ಐವತ್ತು ದಾಟಿದ, ಯಾರೊಂದಿಗೂ ಹೆಚ್ಚು ಮಾತನಾಡದ ಮನುಷ್ಯ. ಸಾಹೇಬರಿಗೆ ಬಲಗೈಯಂತಿದ್ದರು.

"ಭಾಷೆ ಬಹಳ ಚೆನ್ನಾಗಿದೆ ಕಣ್ರೀ. ನಮ್ಮಲ್ಲಿ ಇಂಥ ಕನ್ನಡ ಬರೆಯೋರು ಯಾರಿದಾರೆ ಹೇಳಿ?"

"ನಾನು ಬರೆದಿಲ್ಲ ಸಾರ್."

"ನೀವು ಬರೆದಿರಿ ಅಂತ ನಾನೆಲ್ಲಿ ಅಂದೆ? ಸಾಹೇಬರಿಗೆ ತೋರಿಸೋಕೆ ನಿಮ್ಮ ಅಕ್ಷರ ಬೇಕು. ನಾನು ಹೇಳ್ತೀನಿ, ನಾಲ್ಕು ಸಾಲು ಬರೆಯಿರಿ."

ಬರೆದುಕೊಟ್ಟೆ. ಅವರು ನನ್ನ ಹಾಳೆಯನ್ನು ಅರ್ಜಿಯ ಪಕ್ಕ ಇಟ್ಟು ಹೋಲಿಸಿ ನೋಡತೊಡಗಿದಾಗ ನನಗೂ ಅರ್ಜಿ ಕಾಣಿಸಿತು. ಅಕ್ಷರಗಳು ಎಡಗೈಯಲ್ಲಿ ಬರೆದಂತೆ ಸೊಟ್ಟಸೊಟ್ಟಗಿದ್ದವು. ನಡುವೆ ಒಂದು ವಾಕ್ಯ: 'ಇವರ ಮುಂದೆ ನಿಂತವನು ತನ್ನ ಹೆಸರನ್ನೇ ಮರೆತು ಹಿಂದಿರುಗುತ್ತಾನೆ.'

ಅದು ನನ್ನ ವಾಕ್ಯ. ಹಿಂದಿನ ವರ್ಷ ಒಬ್ಬ ಪಟೇಲನ ಬಗ್ಗೆ ಬರೆದ ಕಥೆಯಲ್ಲಿತ್ತು. ಮುಖದಲ್ಲಿ ಏನೂ ತೋರಗೊಡದೆ ಎದ್ದು ನನ್ನ ಜಾಗಕ್ಕೆ ಬಂದೆ.

ಅಂದಿನಿಂದ ಕಚೇರಿಯವರೆಲ್ಲ ನನ್ನನ್ನು ಸಂಶಯದಿಂದ ನೋಡಿದರು, ನಾನು ಅವರನ್ನು. ನನ್ನ ಕಥೆ ಓದಿದವನೊಬ್ಬ ಇಲ್ಲಿದ್ದಾನೆ, ಅವನೇ ನನ್ನನ್ನು ಸಿಕ್ಕಿಸಿದ್ದಾನೆ. ಟೈಪಿಸ್ಟ್ ನನ್ನನ್ನು ಕಂಡು ನಕ್ಕರೆ ಇವನೇ ಎನಿಸುತ್ತಿತ್ತು, ನಗದಿದ್ದರೂ ಇವನೇ ಎನಿಸುತ್ತಿತ್ತು. ಹದಿನೈದು ದಿನ ಹೀಗೆ ಕಳೆದ ಮೇಲೆ ವಾಚನಾಲಯಕ್ಕೆ ಹೋದೆ. ಊರಿಗೆ ಆ ಪತ್ರಿಕೆ ಬರುತ್ತಿದ್ದದ್ದು ನನ್ನ ಗೌರವಪ್ರತಿ ಬಿಟ್ಟರೆ ಅಲ್ಲಿಗೊಂದೇ. ನನ್ನ ಕಥೆಯಿದ್ದ ಸಂಚಿಕೆಯನ್ನು ಮನೆಗೆ ಒಯ್ದವರು ಯಾರೆಂದು ರಿಜಿಸ್ಟರಿನಲ್ಲಿ ಹುಡುಕಿದೆ. ಒಬ್ಬರೇ. ಎರಡು ಸಲ ಒಯ್ದಿದ್ದರು. ಹೆಡ್ ಗುಮಾಸ್ತರು.

ಮರುದಿನ ಕಚೇರಿ ಮುಗಿದ ಮೇಲೆ ರೈಲ್ವೆ ಸ್ಟೇಷನ್ನಿನ ರಸ್ತೆಯಲ್ಲಿ ಅವರ ಜೊತೆ ಹೆಜ್ಜೆ ಹಾಕಿದೆ.

"ಕಥೆ ಓದ್ತೀರಂತೆ ಸಾರ್. ನನಗೆ ಗೊತ್ತಿರಲಿಲ್ಲ."

ಅವರು ನಿಂತರು. ಹಿಂದೆ ಮುಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ಆ ಮಾತು ಬಿಟ್ಟು ಬೇರೆ ಥರ ಬರೆಯೋಕೆ ಮೂರ್ನಾಲ್ಕು ಸಲ ನೋಡಿದೆ," ಎಂದರು ಮೆಲ್ಲಗೆ. "ಆಗ್ಲಿಲ್ಲ. ನೀವು ಅಷ್ಟು ಸರಿಯಾಗಿ ಬರೆದುಬಿಟ್ಟಿದೀರಿ."

ಬರೆಯತೊಡಗಿ ಎಂಟು ವರ್ಷಕ್ಕೆ ನನಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ಸಿಟ್ಟಿನ ನಡುವೆಯೂ ಮನಸ್ಸು ಹಿಗ್ಗಿತು, ಹಿಗ್ಗಿದ್ದಕ್ಕೆ ನಾಚಿಕೆಯೂ ಆಯಿತು.

"ಹಾಗಿದ್ರೆ ನನ್ನ ಕೈಲಿ ಯಾಕೆ ಬರೆಸಿದ್ರಿ?"

"ಸಾಹೇಬರು ಮೊದಲು ಹೇಳಿದ್ದೇ ನಿಮ್ಮ ಹೆಸರು. ಅಕ್ಷರ ಹೊಂದೋಲ್ಲ ಅಂತ ತೋರಿಸಿ ನಿಮ್ಮನ್ನ ಉಳಿಸೋಣ ಅಂತ."

ಅದು ನಿಜವೋ, ಆ ಕ್ಷಣಕ್ಕೆ ಹೊಳೆದ ಮಾತೋ, ನನಗೆ ಇವತ್ತಿಗೂ ತಿಳಿಯದು.

ಸಾಹೇಬರ ಬಳಿ ಹೋಗಿ ಹೇಳೋಣವೆಂದರೆ ಸಾಕ್ಷಿಗೆ ಆ ಕಥೆಯನ್ನೇ ತೋರಿಸಬೇಕು. ಅದರ ಮೇಲೆ ಇದ್ದದ್ದು ನನ್ನ ಹೆಸರು. ಅವರು ಅದನ್ನು ಬೇರೆ ಹೇಗೆ ಅರ್ಥ ಮಾಡಿಕೊಂಡಾರು? ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ಹೆಂಡತಿಗೆ ಎಲ್ಲವನ್ನೂ ಹೇಳಿ, "ನನ್ನ ಮಾತನ್ನ ಕದ್ದು ನನ್ನ ಕುತ್ತಿಗೆಗೇ ಕಟ್ಟಿದಾರೆ" ಎಂದೆ.

ಅವಳು ಅಕ್ಕಿ ಆರಿಸುತ್ತಿದ್ದಳು. "ಯಾವ ಮಾತು?" ಎಂದಳು. ವಾಕ್ಯ ಹೇಳಿದೆ.

"ಅದು ನಮ್ಮ ಚಿಕ್ಕಪ್ಪ ಹೇಳಿದ್ದಲ್ವಾ? ಕಣಕಟ್ಟೆಯಿಂದ ಬಂದು, ನಿಮ್ಮ ಸಾಹೇಬರನ್ನ ನೋಡ್ಕೊಂಡು ಇಲ್ಲಿ ಊಟಕ್ಕೆ ಕೂತಾಗ. 'ಆವಯ್ಯನ ಮುಂದೆ ನಿಂತ್ರೆ ನನ್ನೆಸ್ರೇ ಮರ್ತೋಯ್ತದೆ ಕಣವ್ವಾ' ಅಂದ್ರು. ನೀವು ನಕ್ಕಿರಿ."

ಆಗ ನೆನಪಾಯಿತು. ನಕ್ಕದ್ದೂ, ಊಟವಾದ ಕೂಡಲೇ ಕೈ ಒರೆಸಿಕೊಂಡು ಅದನ್ನು ಬರೆದಿಟ್ಟುಕೊಂಡದ್ದೂ. ವರ್ಷ ಕಳೆಯುವಷ್ಟರಲ್ಲಿ ಅದು ನನ್ನದೇ ಎಂದು ನಂಬಿಬಿಟ್ಟಿದ್ದೆ. ಕಥೆಗಳ ಕಟ್ಟು ಬಿಚ್ಚಿ ಇನ್ನೂ ಯಾವ ಯಾವ ಮಾತು ಯಾರದಿರಬಹುದೆಂದು ಹುಡುಕುತ್ತ ಕೂತೆ. ಚೆನ್ನಾಗಿದ್ದ ಸಾಲುಗಳ ಮೇಲೆಯೇ ಹೆಚ್ಚು ಅನುಮಾನ ಬಂತು. ಅಂದು ಹೆಡ್ ಗುಮಾಸ್ತರ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಅಕ್ಷರ ಹೊಂದಲಿಲ್ಲ, ಆದರೂ ಎರಡು ತಿಂಗಳಿಗೆ ನನಗೆ ಬೇಲೂರಿಗೆ ವರ್ಗವಾಯಿತು. ಆದೇಶವನ್ನು ಕೈಗೆ ಕೊಟ್ಟವರು ಹೆಡ್ ಗುಮಾಸ್ತರೇ. "ಅಲ್ಲಿ ನಿಮಗೆ ಬರೆಯೋಕೆ ಬಿಡುವು ಸಿಗುತ್ತೆ" ಎಂದರು.

ಬೇಲೂರಿಗೆ ನನಗಿಂತ ಮೊದಲೇ ನನ್ನ ಸುದ್ದಿ ಹೋಗಿತ್ತು. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಪಕ್ಕದ ಗುಮಾಸ್ತರು ಬರೆಯುತ್ತಿದ್ದ ಹಾಳೆಯ ಮೇಲೆ ಬ್ಲಾಟಿಂಗ್ ಪೇಪರು ಎಳೆದುಕೊಳ್ಳುತ್ತಿದ್ದರು. ಕಿವಿಗೆ ಜನರ ಮಾತು ಬೀಳದಿದ್ದರೆ ನನಗೆ ಒಂದು ಸಾಲೂ ಹೊರಡುವುದಿಲ್ಲ ಎಂದು ತಿಳಿದದ್ದು ಆಗಲೇ. ಐದಾರು ತಿಂಗಳು ಏನೂ ಬರೆಯಲಿಲ್ಲ.

ಕೊನೆಗೆ ಭಾನುವಾರಗಳಂದು ಬಸ್ಸು ಹತ್ತಿ ಹಳೇಬೀಡಿಗೆ ಹೋಗತೊಡಗಿದೆ. ಅಲ್ಲಿ ನನ್ನ ಗುರುತು ಯಾರಿಗೂ ಇರಲಿಲ್ಲ. ದೇವಸ್ಥಾನದ ಅಂಗಳದಲ್ಲಿ ಕೂತು, ನೋಡಲು ಬಂದವರ ಮಾತು ಕೇಳುತ್ತ ಬರೆಯುತ್ತಿದ್ದೆ. ಎರಡನೆಯ ವಾರ ಅಲ್ಲಿನ ಕಾವಲುಗಾರ ಬಂದು ನಿಂತ.

"ಹೋದ್ ವಾರಾನೂ ಬಂದಿದ್ರಿ. ಮೇಲಿಂದ ಕಳ್ಸವ್ರಾ?"

"ಇಲ್ಲಪ್ಪ. ಕಥೆ ಬರೀತಿದೀನಿ."

"ಕಥೆ ಬರಿಯಾಕೆ ಇಷ್ಟು ದೂರ ಬತ್ತಾರಾ?" ಎಂದು ಕೈಚಾಚಿದ. ಹಾಳೆ ಕೊಟ್ಟೆ. ಅವನಿಗೆ ಓದಲು ಬರುತ್ತಿರಲಿಲ್ಲ. ತಿರುಗಿಸಿ ಮುರುಗಿಸಿ ನೋಡಿ, "ನೀವೇ ಓದಿ" ಎಂದು ವಾಪಸು ಕೊಟ್ಟ. ಓದಿದೆ. ಕೊನೆಯವರೆಗೂ ನಿಂತು ಕೇಳಿದ.

"ಇದ್ರಾಗೆ ನನ್ ಮೇಲೆ ಏನೂ ಇಲ್ವಲ್ಲ?"

"ಇಲ್ಲ."

"ಹಂಗಾದ್ರೆ ಕೂತ್ಕಳಿ. ಆ ಕಡೆ ನೆಳ್ಳೈತೆ."

ಬೇಲೂರಿನಲ್ಲಿದ್ದಷ್ಟು ವರ್ಷ ನನ್ನ ಕಥೆಗಳೆಲ್ಲ ಆ ನೆರಳಿನಲ್ಲೇ ಆದವು. ಅವನು ಮಾತ್ರ ಪ್ರತಿ ಭಾನುವಾರ, ನಾನು ಹೊರಡುವ ಮುಂಚೆ, ಅಂದಿನ ಹಾಳೆಗಳನ್ನು ಓದಿಸಿ ಕೇಳದೆ ನನ್ನನ್ನು ಬಿಡುತ್ತಿರಲಿಲ್ಲ.