ಒಲ್ಲೆ ಅಂದವರ ಹಬ್ಬ

ನನ್ನ ಗಂಡ ಕುಡಿಯುವುದನ್ನು ಬಿಟ್ಟಾಗ ಮನೆಯಲ್ಲಿ ಯಾರಿಗೂ ಸಂತೋಷವಾಗಲಿಲ್ಲ. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕುಡಿಯುತ್ತಿದ್ದಾಗ ಅವರಿಗೆ ಯಾರೂ ಒಂದು ಮಾತು ಅಂದವರಲ್ಲ. ಬಿಟ್ಟಮೇಲೆ ಮಾತ್ರ ಎಲ್ಲರಿಗೂ ಬಾಯಿ ಬಂತು.

ನಮ್ಮ ಮನೆ ಜಮಖಂಡಿಯಲ್ಲಿ. ಅವರು ಸರಕಾರಿ ಕಚೇರಿಯಲ್ಲಿ ಗುಮಾಸ್ತರು, ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಮಾಸ್ತರಿಣಿ. ಹೊಲ ಗಲಗಲಿಯ ಕಡೆ, ಕೃಷ್ಣೆಯ ದಂಡೆಗೆ ಹತ್ತಿರ. ಅತ್ತೆ, ಮದುವೆಯಾಗದ ಮೈದುನ, ನಮ್ಮ ಇಬ್ಬರು ಮಕ್ಕಳು, ಇಷ್ಟೇ ಸಂಸಾರ. ಹಬ್ಬ, ರಜೆ ಬಂತೆಂದರೆ ಲೋಕಾಪುರದಿಂದ ನಾದಿನಿ ಮಕ್ಕಳೊಂದಿಗೆ ಬರುತ್ತಿದ್ದಳು. ಅವಳ ಜೊತೆ ಅವಳ ಗಂಡನೂ. ಲಾರಿ ವ್ಯವಹಾರದ ಆ ಮನುಷ್ಯ ನಮ್ಮ ಅತ್ತೆಗೆ ಒಬ್ಬನೇ ಅಳಿಯ. ಅಳಿಯ ಅಂದಮೇಲೆ ಅವನು ಆಡಿದ್ದೇ ಆಟ. ಅವನು ಬರುವಾಗ ಮಕ್ಕಳಿಗೆ ಫರಾಳದ ಪೊಟ್ಟಣ ತರುವುದನ್ನು ಮರೆತಾನು, ಬಾಟಲಿ ಮರೆಯುತ್ತಿರಲಿಲ್ಲ.

ನಾನು ಸಣ್ಣವಳಿದ್ದಾಗ ನಮ್ಮ ಸೀಮೆಯಲ್ಲಿ ದಾರೂಬಂದಿ, ಅಂದರೆ ಸರಕಾರದ ಪಾನನಿಷೇಧ, ಇತ್ತು. ಆಗಲೂ ಕುಡಿಯುವವರು ಕುಡಿಯುತ್ತಿದ್ದರು, ಆದರೆ ಕದ್ದು, ತಲೆ ತಗ್ಗಿಸಿ. ಬಂದಿ ಹೋದಮೇಲೆ ನಾಚಿಕೆಯೂ ಅದರ ಹಿಂದೆಯೇ ಹೋಯಿತು. ನಾನು ಆ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಗಂಡಸರು ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಕೂಡ್ರದಿದ್ದರೆ ಅದು ಹಬ್ಬವೇ ಅಲ್ಲ ಎನ್ನುವಂತಾಗಿತ್ತು. ನಾವು ಹೆಂಗಸರು ಕೆಳಗೆ ಒಲೆಯ ಮುಂದೆ. ಅವರಿಗೆ ಖಾರ ಹಚ್ಚಿದ ಶೇಂಗಾ ಬೇಕು, ಉಳ್ಳಾಗಡ್ಡಿ ಹೆಚ್ಚಿ ಕೊಡಬೇಕು, ಮತ್ತೆ ನೀರು ಬೇಕು. ಹೋಳಿಗೆ ಆರಿ ಹೋಗುತ್ತಿತ್ತು, ಮಕ್ಕಳು ಉಣ್ಣದೆ ಮಲಗುತ್ತಿದ್ದವು. 'ಗಂಡಸರ ಊಟ ಆಗಲಿ' ಎಂದು ಅತ್ತೆ ನಮ್ಮನ್ನು ಕಾಯಿಸುತ್ತಿದ್ದರು. ಮರುದಿನ ಗಂಡಸರೆಲ್ಲ, 'ಏನ್ ಹಬ್ಬ ಆತಲೇ ನಿನ್ನಿ!' ಎಂದು ನಗುತ್ತಿದ್ದರು. ಯಾರ ಹಬ್ಬ? ನನ್ನ ಪಾಲಿಗೆ ಹಬ್ಬವೆಂದರೆ ತೊಳೆಯಬೇಕಾದ ಗ್ಲಾಸು.

ಒಂದು ವರ್ಷ ಪಂಚಮಿಗೆ ತೊಲೆಗೆ ಜೋಕಾಲಿ ಕಟ್ಟಿದ್ದೆವು. ಮಗಳು ಜೋಕಾಲಿಯಲ್ಲಿ ಕೂತಿದ್ದಳು. ತೂಗಲು ಅವಳ ಅಪ್ಪ ಹತ್ತಿರ ಹೋದರೆ ಹುಡುಗಿ ಹಗ್ಗ ಬಿಟ್ಟು ಇಳಿದುಬಿಟ್ಟಿತು. "ಅಪ್ಪಾ, ನೀ ತೂಗಬ್ಯಾಡ. ನಿನ್ನ ಬಾಯಿ ವಾಸನಿ ಹೊಡಿತೈತಿ." ಅಷ್ಟೇ. ಅವರು ಅವಳನ್ನು ಗದರಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಪಡಸಾಲೆಯಲ್ಲಿ ಗೋಡೆಗೆ ಆತು ಕೂತವರು ಸಂಜೆಯವರೆಗೆ ಏಳಲಿಲ್ಲ. ದೇವರ ಮುಂದೆ ಆಣೆ ಮಾಡಲಿಲ್ಲ, ಯಾರಿಗೂ ಹೇಳಲಿಲ್ಲ. ಮುಂದಿನ ಹಬ್ಬಕ್ಕೆ ಅಳಿಯ ಗ್ಲಾಸು ಮುಂದೆ ಹಿಡಿದಾಗ "ಒಲ್ಲೆ" ಅಂದರು. ಮತ್ತೆ ಕೇಳಿದಾಗಲೂ "ಒಲ್ಲೆ".

ನಮ್ಮ ಕಡೆ ಹೋಳಿಗೆ ಬೇಡ ಅನ್ನಬಹುದು, ಪಿತ್ತ ಅಂದರೆ ಸಾಕು. ಚಹಾ ಬೇಡ ಅನ್ನಬಹುದು, ಈಗಷ್ಟೇ ಕುಡಿದೆ ಅಂದರಾಯಿತು. ದಾರೂ ಬೇಡ ಅಂದರೆ ಮಾತ್ರ ಕಾರಣ ಕೊಡಬೇಕು, ಆ ಕಾರಣ ಹತ್ತು ಮಂದಿಗೆ ಒಪ್ಪಿಗೆಯಾಗಬೇಕು. ರೋಗ ಬಂದಿದೆಯೇ? ಮಾಲೆ ಹಾಕಿದ್ದಾರೆಯೇ? ಎರಡೂ ಇಲ್ಲ ಎಂದಮೇಲೆ ಉಳಿದವಳು ನಾನು. "ಮಾಸ್ತರಿಣಿ ಬಡಿಗಿ ಹಿಡದ ಕುಂತಾಳ" ಎಂದು ಅಳಿಯ ನನಗೆ ಕೇಳುವಂತೆಯೇ ಹೇಳಿದ. ಮೈದುನ ನಕ್ಕ. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, "ಹಬ್ಬದಾಗ ಒಂದಿನ ಗಂಡಸರು ತುಸು ತಗೊಂಡ್ರ ಏನ್ ಮುಳಗತೈತಿ? ಅಳಿಯಾರ ಮನಸ ಯಾಕ ಮುರೀತಿ?" ಎಂದರು. ನಾನು ಗಂಡನಿಗೆ ಕುಡಿತ ಬಿಡಿಸಿದವಳೂ ಅಲ್ಲ, ಬಿಡಿ ಎಂದು ಬೇಡಿಕೊಂಡವಳೂ ಅಲ್ಲ. ಹಾಗೆಂದರೆ ನಂಬುವವರು ಯಾರು? ಗಂಡಸು ತನ್ನ ಬುದ್ಧಿಯಿಂದಲೇ ಬಿಟ್ಟಾನು ಎಂಬುದು ಅವರ ತಲೆಗೆ ಹೋಗಲೇ ಇಲ್ಲ.

ಆ ವರ್ಷ ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಎಲ್ಲರೂ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು, ಅಳಿಯ ತನ್ನ ಮೋಟಾರು ಸೈಕಲ್ ಮೇಲೆ ಬಂದ. ಬೆಳೆದು ನಿಂತ ಬಿಳಿಜೋಳ, ಸಾಲಿನಲ್ಲಿ ಕಡಲೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿದೆವು. ಯಜಮಾನರು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ತಲೆಗೆ ರುಮಾಲು ಸುತ್ತಿಕೊಂಡು, ಹೊಲದ ಸುತ್ತ ನಡೆದು ಎಡೆ ಚೆಲ್ಲಿ ಬಂದರು. ಪಕ್ಕದ ಹೊಲದವರ ಗಾಣದಿಂದ ಮೈದುನ ಒಂದು ಕೊಡ ಕಬ್ಬಿನ ಹಾಲು ತಂದಿದ್ದ. ಅಳಿಯ ತಾನೇ ಎದ್ದು ತಂಬಿಗೆಯಲ್ಲಿ ತುಂಬಿಕೊಟ್ಟ. "ಉಪವಾಸ ಇದ್ದೀರಿ, ತಗೋರಿ ಮಾಮಾ."

ಅವರು ಗಟಗಟನೆ ಕುಡಿದವರು ಅರ್ಧಕ್ಕೇ ನಿಂತರು. ತಂಬಿಗೆಯೊಳಗೆ ನೋಡಿದರು. ಬಾಯಲ್ಲಿದ್ದದ್ದನ್ನು ಉಗುಳಿದರು.

"ಏನಾತ ಮಾಮಾ? ಒಲ್ಲೆ ಒಲ್ಲೆ ಅಂತಿದ್ರಿ, ಒಳಗ ಇಳೀತ ನೋಡ್ರಿ!" ಅಳಿಯ ತೊಡೆ ಬಡಿದುಕೊಂಡು ನಕ್ಕ. ಮೈದುನನೂ ನಕ್ಕ. ಅತ್ತೆ ಸೆರಗನ್ನು ಬಾಯಿಗೆ ಹಚ್ಚಿಕೊಂಡರು. ಅದರ ಹಿಂದೆ ನಗುವಿತ್ತು, ನಾನು ಕಂಡೆ.

ನನ್ನ ಗಂಡ ದೂರ ಹೋಗಿ ಬಾಯಿ ಮುಕ್ಕಳಿಸಿದರು. ಮತ್ತೆ ಮುಕ್ಕಳಿಸಿದರು. ತಿಂಗಳುಗಟ್ಟಲೆ ಒಬ್ಬ ಮನುಷ್ಯ ಕಷ್ಟಪಟ್ಟು ಕಟ್ಟಿಕೊಂಡದ್ದನ್ನು ಇವನು ಒಂದು ಗುಟುಕು ನಗೆಗಾಗಿ ಒದ್ದುಬಿಟ್ಟನಲ್ಲ ಎನಿಸಿ ನನ್ನ ಕಣ್ಣಿಗೆ ಕತ್ತಲೆ ಬಂತು. ಕೊಡದಿಂದಲೂ ದಾರೂ ವಾಸನೆ ಬರುತ್ತಿತ್ತು, ನಾನು ಅದನ್ನು ಎತ್ತಿಕೊಂಡು ಬಂಡಿದಾರಿಗೆ ಹೋದೆ. ಆಗಷ್ಟೇ ಎಡೆ ಚೆಲ್ಲಿದ ಹೊಲದಲ್ಲಿ ಅದನ್ನು ಸುರಿಯಲು ಮನಸ್ಸಾಗಲಿಲ್ಲ. ಅಲ್ಲಿ ಧೂಳಿನಲ್ಲಿ ಬೋರಲು ಹಾಕಿದೆ.

"ಅಕ್ಕಾರ, ಚ್ಯಾಷ್ಟಿಗೆ ಇಷ್ಟ ಸಿಟ್ಟ್ಯಾಕ್ರಿ?" ಅಳಿಯನ ನಗು ಇನ್ನೂ ಮುಗಿದಿರಲಿಲ್ಲ.

"ಇದು ಚ್ಯಾಷ್ಟಿ ಅಲ್ಲರಿ. ಪಾಂಡವರ ಮುಂದ ಉಪಾಸ ಇದ್ದವರಿಗೆ ನೀವು ಮೋಸದಿಂದ ಕುಡಿಸೀರಿ. ನಿಮ್ಮ ಹಬ್ಬ ನೀವು ಮಾಡ್ಕೋರಿ. ನಾವು ಹೊಳಿಗೆ ಹೊಂಟೇವಿ."

ರೊಟ್ಟಿಯ ಬುಟ್ಟಿ, ಪಲ್ಯದ ಪಾತ್ರೆ, ಮೊಸರಿನ ಗಡಿಗೆ ಎಲ್ಲವನ್ನೂ ಬಂಡಿಗೆ ಹೇರತೊಡಗಿದೆ. "ಗಂಡಸರು ಉಣ್ಣೂದ ಬ್ಯಾಡೇನಬೇ?" ಎಂದು ಅತ್ತೆ ಕೂಗಿದರು. "ಅವರಿಗೆ ಬೇಕಾದ್ದು ಅವರ ಕಡೆ ಐತಲ್ಲರಿ ಅತ್ತಿ" ಎಂದೆ. ಆಗ ನಾದಿನಿ ಎದ್ದಳು. ಗಂಡನ ಎದುರು ಒಂದು ದಿನವೂ ಬಾಯಿ ತೆರೆಯದವಳು ಅವನ ಕಡೆ ನೋಡದೆ ಹೋಳಿಗೆಯ ಡಬ್ಬಿ ತಂದು ನನ್ನ ಕೈಗಿತ್ತಳು. "ನಡೀರಿ ವೈನಿ" ಅಂದಳು. ನನ್ನ ಗಂಡ ಎತ್ತು ಹೂಡಿದರು. ಮಕ್ಕಳು ಹಾರಿ ಹತ್ತಿದವು. ಅತ್ತೆ ಅತ್ತ ಇತ್ತ ನೋಡಿ, ಗೊಣಗುತ್ತ, ಕೊನೆಗೆ ಬಂಡಿಯನ್ನೇ ಏರಿದರು.

ಹೊಳೆಯಲ್ಲಿ ಚಳಿಗಾಲದ ತಿಳಿನೀರು. ಉಸುಕಿನ ಮೇಲೆ ಚಾದರ ಹಾಸಿದೆವು. ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಆ ಮನೆಗೆ ಬಂದಮೇಲೆ ಹಬ್ಬದ ದಿನ ಮಕ್ಕಳ ಜೊತೆ ಕೂತು ಬಿಸಿಲಿರುವಾಗಲೇ ಊಟ ಮಾಡಿದ್ದು ಅದೇ ಮೊದಲು. ಅವರು ಮಕ್ಕಳನ್ನು ನೀರಿಗಿಳಿಸಿದರು. ಬೆನ್ನ ಮೇಲೆ ಒಂದನ್ನು, ತೋಳಿಗೆ ಒಂದನ್ನು ಹಾಕಿಕೊಂಡು ಈಜಿದರು. ಅವರಿಗೆ ಅಷ್ಟು ಚೆಂದ ಈಜು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹೊಲಕ್ಕೆ ಬಂದಾಗಲೆಲ್ಲ ಅವರು ಗಿಡದ ಕೆಳಗೆ ಬಾಯಿ ತೆರೆದು ಮಲಗಿದ್ದನ್ನಷ್ಟೇ ನೋಡಿದ್ದೆ. ಮಗಳು ಅವರ ಕೊರಳಿಗೆ ಜೋತುಬಿದ್ದು ಕಿರುಚಿ ನಗುತ್ತಿದ್ದಳು. ನನಗೆ ಸಂತೋಷವಾಯಿತು, ಬೆನ್ನಿಗೇ ಸಿಟ್ಟೂ ಬಂತು. ಇಷ್ಟು ಸರಳವಾದದ್ದನ್ನು ಇಷ್ಟು ವರ್ಷ ನಮ್ಮಿಂದ ಕಸಿದುಕೊಂಡಿದ್ದರಲ್ಲ!

ಬಿಸಿಲು ಇಳಿಯುವಾಗ ಮೈದುನ ನಡೆದುಕೊಂಡು ಬಂದ. ದೂರದಲ್ಲೇ ನಿಂತ. "ವೈನಿ, ಹೊಟ್ಟಿ ಹಸದೈತಿ."

"ಹೊಳ್ಯಾಗ ಮುಣಗಿ ಬಾ, ಹಾಕ್ತೀನಿ."

ಅವನು ಮುಳುಗಿ ಎದ್ದು ಬಂದು ತಲೆ ಬಗ್ಗಿಸಿ ಉಂಡ. ಅಳಿಯ ಬರಲಿಲ್ಲ. ಹೆಂಡತಿ ಮಕ್ಕಳನ್ನು ನಮ್ಮಲ್ಲಿಯೇ ಬಿಟ್ಟು ಮೋಟಾರು ಸೈಕಲ್ ಹತ್ತಿ ಲೋಕಾಪುರಕ್ಕೆ ಹೋಗಿದ್ದ.

ಅಲ್ಲಿಂದ ಮಾತು ಬಂತು, ಮಾಸ್ತರಿಣಿ ತಪ್ಪು ಒಪ್ಪಿಕೊಳ್ಳುವವರೆಗೆ ಹೆಂಡತಿಯನ್ನು ಕರೆಸಿಕೊಳ್ಳುವುದಿಲ್ಲ ಎಂದು. ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂತರು. ಕೊಡ ಚೆಲ್ಲಿದ್ದು ತಪ್ಪು, ಅಳಿಯನಿಗೆ ಊಟ ಹಾಕದೆ ಹೋದದ್ದು ತಪ್ಪು, ಹೆಂಗಸು ಎದುರಾಡಿದ್ದು ದೊಡ್ಡ ತಪ್ಪು. ಕಬ್ಬಿನ ಹಾಲಿನಲ್ಲಿ ದಾರೂ ಬೆರೆಸಿದ್ದು? ಅದನ್ನು ಒಬ್ಬರೂ ಎತ್ತಲಿಲ್ಲ. ನಾನು ಒಳಗೆ ಬಾಗಿಲ ಹಿಂದೆ ಹಲ್ಲು ಕಚ್ಚಿ ನಿಂತಿದ್ದೆ. ಆಗ ನನ್ನ ಗಂಡ, ಆ ಮೆತ್ತಗಿನ ಮನುಷ್ಯ, ಮಾತಾಡಿದರು.

"ಅಕಿ ತಪ್ಪ ಕೇಳೂದಿಲ್ರಿ. ಮೋಸ ಆಗಿದ್ದು ನನಗ. ತಪ್ಪ ಕೇಳೂದಿದ್ರ ಅವರ ಬಂದು ನನ್ನ ಕೇಳಲಿ. ತಂಗಿ ಎಷ್ಟ ದಿನ ಇರತಾಳ, ಇರಲಿ. ಇದು ಅಕಿ ಮನಿ."

ಹಿರಿಯರು ಚಹಾ ಕುಡಿದು ಎದ್ದು ಹೋದರು. ನಾದಿನಿ ಯುಗಾದಿಯವರೆಗೆ ನಮ್ಮಲ್ಲೇ ಇದ್ದಳು. ಮನೆ ನಡೆಸಲಾರದೆ ಅಳಿಯ ತಾನೇ ಬಂದು ಕರೆದುಕೊಂಡು ಹೋದ. ಹೊಸ್ತಿಲ ಹೊರಗೇ ನಿಂತಿದ್ದ. ತಪ್ಪಾಯಿತು ಎನ್ನಲಿಲ್ಲ. ಸಾಯುವತನಕ ಅನ್ನಲಿಲ್ಲ. ಆದರೆ ಅಂದಿನಿಂದ ಹಬ್ಬಕ್ಕೆ ಹೆಂಡತಿ ಮಕ್ಕಳನ್ನು ಮಾತ್ರ ಬಸ್ಸು ಹತ್ತಿಸಿ ಕಳಿಸುತ್ತಿದ್ದ, ತಾನು ಬರುತ್ತಿರಲಿಲ್ಲ. ನಾವು ರಜೆಯಲ್ಲಿ ಹೊಳೆಗೆ ಹೋದೆವು, ಹಸಿ ಕಡಲೆಗಿಡ ಕಿತ್ತು ಸುಲಗಾಯಿ ಸುಟ್ಟು ತಿಂದೆವು, ಮಕ್ಕಳು ಮಾಳಿಗೆಯ ಮೇಲೆ ನಾಟಕ ಆಡಿದವು. ಅದೇ ಮಾಳಿಗೆಯನ್ನು ಮಕ್ಕಳು ಹಬ್ಬದ ದಿನ ಮೊದಲ ಸಲ ತಮ್ಮದು ಅಂದುಕೊಂಡವು. ಅಷ್ಟಾದರೂ ನೆಂಟರು, "ನಿಮ್ಮ ಮನಿ ಹಬ್ಬ ಭಾಳ ಸಪ್ಪಗ ಆಗೇತಿ ಬಿಡ್ರಿ" ಎನ್ನುತ್ತಿದ್ದರು. ಯಾರಿಗೆ ಸಪ್ಪಗೆ? ನನ್ನ ಮಗಳನ್ನು ಕೇಳಿದ್ದರೇ? ನಾದಿನಿಯನ್ನು ಕೇಳಿದ್ದರೇ?

ಬಹಳ ವರ್ಷಗಳ ಮೇಲೆ ಮೈದುನನ ಮದುವೆಯಾಗಿ, ರಬಕವಿಯ ಬೀಗರು ದೀಪಾವಳಿಗೆ ಬಂದರು. ಅವರಲ್ಲಿ ಒಬ್ಬ ಕೈಚೀಲದಿಂದ ಬಾಟಲಿ ತೆಗೆದದ್ದೇ ತಡ, ಅತ್ತೆ ಕೋಲು ಊರಿಕೊಂಡು ಪಡಸಾಲೆಗೆ ಬಂದರು. "ಒಳಗ ಇಡ್ರಿ ಅದನ್ನ. ನಮ್ಮ ಮನ್ಯಾಗ ಹಬ್ಬಕ್ಕ ಕುಡ್ಯೂ ಪದ್ಧತಿ ಇಲ್ಲ. ನಮ್ಮ ಹಿರ್ಯಾರ ಕಾಲದಿಂದೂ ಇಲ್ಲ."

ಹಿರಿಯರ ಕಾಲದಿಂದ! ನಾದಿನಿ ನನ್ನ ಮುಖ ನೋಡಿ ಸೆರಗಿನಲ್ಲಿ ನಗತೊಡಗಿದಳು. ನನಗೆ ನಗು ಬರಲಿಲ್ಲ. ಆದರೂ ಅತ್ತೆಗೆ ಎದುರು ಮಾತಾಡದೆ ಒಳಗೆ ಹೋಗಿ, ಎಲ್ಲರಿಗೂ ಒಟ್ಟಿಗೇ ಎಲೆ ಹಾಕಿದೆ, ಹೆಂಗಸರಿಗೂ, ಮಕ್ಕಳಿಗೂ.