ಸಿದ್ದಲಕ್ಷ್ಮಮ್ಮನ ಹಿಟ್ಟಿನ ಪಾಠ

ಇನ್‌ಸ್ಪೆಕ್ಟರು ಬರುವ ಸುದ್ದಿಯನ್ನು ಹೆಡ್‌ಮಾಸ್ಟರ್ ಅಂಜಿನಪ್ಪ ಹೇಳಿದ ರೀತಿಯೇ ಸಿದ್ದಲಕ್ಷ್ಮಮ್ಮನಿಗೆ ಸರಿಕಾಣಲಿಲ್ಲ. ಶಾಲೆಯ ಕೊಳಾಯಿಯ ಹತ್ತಿರ ಕನ್ನಡಿ ನೇತುಹಾಕಿಕೊಂಡು ಗಡ್ಡ ಬೋಳಿಸುತ್ತಿದ್ದ ಅವರು, ಮುಖ ತಿರುಗಿಸದೆಯೇ, "ನಿಮ್ಮ ಮೇಲೆ ಯಾರೋ ಹೆಸರಿಲ್ದೆ ಮೂಗರ್ಜಿ ಹಾಕವ್ರಂತೆ ಮೇಡಂ. ನಾನಂತೂ ಬರ್ದಿಲ್ಲ ಕಣ್ರೀ," ಎಂದರು.

ಯಾರು ಬರೆದರು ಎಂದು ಅವಳು ಕೇಳಿಯೇ ಇರಲಿಲ್ಲ.

"ಏನಂತೆ?"

"ಹಿಟ್ಟಿನ ವಿಷ್ಯವಂತೆ. ಸಾಬೀತಾದ್ರೆ ಕುಣಿಗಲ್ ತಾಲ್ಲೂಕಿನ ಕೊನೇ ಮೂಲೆಗೆ ಎತ್ತಾಕ್ತಾರಂತೆ."

ಬೆಳ್ಳಾವಿಯ ರೈತರ ಮನೆಯಲ್ಲಿ ಹುಟ್ಟಿ, ಹಟ ಹಿಡಿದು ಟಿ.ಸಿ.ಎಚ್. ಓದಿದವಳು ಸಿದ್ದಲಕ್ಷ್ಮಮ್ಮ. ಕೆಲಸ ಸಿಕ್ಕಿದ್ದು ಮದುವೆಯಾದ ಮೇಲೆ, ತೊಂಬತ್ತನಾಲ್ಕರಲ್ಲಿ. ತುಮಕೂರಿನ ಸದಾಶಿವನಗರದಲ್ಲಿ ಮನೆ. ಶಾಲೆ ಗುಬ್ಬಿ ದಾಟಿ ಹಾಗಲವಾಡಿ ಕಡೆಗೆ ಹೋಗುವ ದಾರಿಯಲ್ಲಿ. ಬೆಳಗಿನ ತಿಂಡಿ, ಗಂಡನಿಗೂ ತನಗೂ ಡಬ್ಬಿ ಊಟ, ಅತ್ತೆಯ ಸ್ನಾನದ ನೀರು, ಎಲ್ಲ ಮುಗಿಸಿ ಏಳೂಮುಕ್ಕಾಲಿನ ಬಸ್ಸು ಹಿಡಿದರೆ ಹೇಗೋ ನಡೆಯುತ್ತಿತ್ತು. ಕುಣಿಗಲ್ಲಿನ ಆ ಮೂಲೆಗೆ ಐದೂವರೆಯ ಬಸ್ಸು. ಆ ಹೊತ್ತಿಗೆ ಮನೆಯಲ್ಲಿ ಒಲೆ ಹಚ್ಚುವವರು ಬೇರೆ ಯಾರೂ ಇಲ್ಲ. "ಸಾಕು ಬುಡು ಕೆಲಸ" ಎಂದು ಗಂಡ ದಯಾನಂದ ಎಂಟು ವರ್ಷದಿಂದ ಹೇಳುತ್ತಲೇ ಇದ್ದ. ವರ್ಗವಾದರೆ ಅವನು ಹೇಳಬೇಕಾಗಿಯೇ ಇರಲಿಲ್ಲ.

ಹಿಟ್ಟಿನ ಪಾಠ ಶುರುವಾದದ್ದು ಆ ವರ್ಷ, ಎರಡು ಸಾವಿರದ ಎರಡರಲ್ಲಿ. ನಾಲ್ಕನೇ ಕ್ಲಾಸಿನ ಮಂಜುಶ್ರೀ ವಿಜ್ಞಾನದ ಪಾಠವನ್ನು ಗಡಗಡ ಓದುತ್ತಿದ್ದಳು. ಒಂದು ದಿನ ಅವಳ ಪುಸ್ತಕ ತಲೆಕೆಳಗಾಗಿರುವುದು ಸಿದ್ದಲಕ್ಷ್ಮಮ್ಮನ ಕಣ್ಣಿಗೆ ಬಿತ್ತು. ಪಾಠ ಬಾಯಿಪಾಠ, ಅಕ್ಷರ ಮಾತ್ರ ಒಂದೂ ಬಾರದು. ಉಳಿದವರನ್ನು ಪರೀಕ್ಷಿಸಿದರೆ ಅರ್ಧ ಕ್ಲಾಸು ಹೀಗೆಯೇ. ಅಂದಿನಿಂದ ಅವಳು ಕನ್ನಡ, ವಿಜ್ಞಾನ ಎರಡೂ ಪೀರಿಯಡ್ಡುಗಳನ್ನು ಸೇರಿಸಿಬಿಟ್ಟಳು. ಮೊದಲು ನೋಡಬೇಕು, ನೋಡಿದ್ದನ್ನು ಬಾಯಲ್ಲಿ ಹೇಳಬೇಕು, ಹೇಳಿದ್ದನ್ನು ಬರೆಯಬೇಕು, ಬರೆದದ್ದನ್ನೇ ಓದಬೇಕು. ನೋಡುವುದಕ್ಕೆ ಶಾಲೆಯಲ್ಲಿ ಏನಿತ್ತು? ಹಾಗಾಗಿ ಸಂಜೆ ರುಬ್ಬುತ್ತಿದ್ದ ಇಡ್ಲಿಹಿಟ್ಟನ್ನು ಬೆಳಗಿನ ಜಾವ ರುಬ್ಬಿ, ಸ್ಟೀಲ್ ಪಾತ್ರೆಯಲ್ಲಿ ತರತೊಡಗಿದಳು. ಹಿಟ್ಟು ಎಷ್ಟು ಉಬ್ಬಿತೆಂದು ತಿಳಿಯಲು ಒಳಗೆ ಅರಿಶಿನದ ಗೆರೆ. ಗಂಟೆಗೊಮ್ಮೆ ಮುಚ್ಚಳ ತೆಗೆದು ಮಕ್ಕಳು ನೋಡಿ ಬರೆಯುತ್ತಿದ್ದರು. ಸಂಜೆ ಪಾತ್ರೆ ಅವಳ ಜೊತೆಗೇ ಮನೆಗೆ ಹೋಗುತ್ತಿತ್ತು. ಅಷ್ಟು ಹಿಟ್ಟನ್ನು ಚೆಲ್ಲುವುದಕ್ಕಾಗುತ್ತದೆಯೇ?

ಈಗ ಆ ಪಾತ್ರೆಯನ್ನು ಕಂಡವರೆಲ್ಲರ ಮೇಲೂ ಅವಳಿಗೆ ಅನುಮಾನ. ದಿನಾ "ಏನ್ ಮೇಡಂ, ಇವತ್ತು ದೋಸೆನಾ ಇಡ್ಲಿನಾ?" ಎಂದು ನಗುವ ಕಂಡಕ್ಟರು ಇರಬಹುದು. ಊರಿನ ಶಾಲಾ ಸಮಿತಿಯ ಕಾಳಯ್ಯ ಒಮ್ಮೆ, "ನಮ್ಮ ಐಕ್ಳು ಓದಕ್ ಬರ್ತವೋ, ನಿಮ್ಮ ಹಿಟ್ಟು ಕಾಯಕ್ ಬರ್ತವೋ?" ಎಂದಿದ್ದ. ಅವನೇ ಇರಬಹುದು. ಅಂಜಿನಪ್ಪನವರ ಮೇಲಂತೂ ಮೊದಲೇ ಅನುಮಾನ. ಶಾಲೆಯಲ್ಲಿ ಗಡ್ಡ ಬೋಳಿಸಿಕೊಂಡರೆ ಯಾರೂ ಅರ್ಜಿ ಬರೆಯುವುದಿಲ್ಲ ಎಂದು ಅವಳಿಗೆ ಒಳಗೊಳಗೇ ಉರಿಯುತ್ತಿತ್ತು.

ಗುರುವಾರ ಇನ್‌ಸ್ಪೆಕ್ಟರ್ ಶಿವರಾಮಯ್ಯ ಬಂದರು. ಬಂದವರೇ ಪಾತ್ರೆಯ ಮುಚ್ಚಳ ತೆಗೆದು ಮೂಸಿದರು.

"ಇದನ್ನ ರುಬ್ಬಿದ್ದು ಯಾರಮ್ಮಾ? ಮಕ್ಕಳ ಕೈಲಿ ರುಬ್ಬಿಸ್ತೀರಾ?"

ಸಿದ್ದಲಕ್ಷ್ಮಮ್ಮ ಬಾಯಿ ತೆರೆಯುವ ಮೊದಲೇ ಮಂಜುಶ್ರೀ ತನ್ನ ನೋಟ್‌ಬುಕ್ ಹಿಡಿದು ಎದ್ದು ನಿಂತಳು. "ರುಬ್ಬಿದ ಹೊತ್ತು ನಾಲ್ಕೂವರೆ. ರುಬ್ಬಿದವರು ಮಿಸ್. ಹತ್ತು ಗಂಟೆಗೆ ಹಿಟ್ಟು ಗೆರೆಯ ಕೆಳಗೆ ಇತ್ತು."

"ಉರು ಹೊಡೆಸಿದೀರಿ," ಎಂದರು ಶಿವರಾಮಯ್ಯ. ಸೀಮೆಸುಣ್ಣವನ್ನು ಹುಡುಗಿಯ ಕೈಗಿತ್ತು, "ಈಗ ನಾನು ಬಂದಾಗಿಂದ ನೀನು ಏನ್ ನೋಡ್ದೆ, ಬರಿ. ಬರ್ದು ಓದು," ಎಂದರು.

ಹುಡುಗಿ ಯೋಚಿಸಿ, ನಿಧಾನವಾಗಿ ಬರೆದು ಓದಿದಳು. "ಸಾಹೇಬರು ಹಿಟ್ಟು ಮೂಸಿದರು. ಮೂಗಿಗೆ ಹಿಟ್ಟು ಹತ್ತಿದೆ. ಇನ್ನೂ ಒರೆಸಿಲ್ಲ."

ಶಿವರಾಮಯ್ಯ ಕರ್ಚೀಫಿನಿಂದ ಮೂಗು ಒರೆಸಿಕೊಂಡು, ಬೇರೆ ನಾಲ್ಕು ಮಕ್ಕಳಿಂದಲೂ ಬರೆಸಿ ಓದಿಸಿದರು. ಆಮೇಲೆ ಟೈಪ್ ಮಾಡಿದ್ದ ಅರ್ಜಿಯನ್ನು ಜೇಬಿನಿಂದ ತೆಗೆದರು.

"ಇದನ್ನ ಇಲ್ಲಿಗೇ ಮುಗಿಸ್ತೀನಿ. ಆದ್ರೆ ಹಿಟ್ಟು ಇನ್ಮೇಲೆ ಮನೆಗೆ ಹೋಗಬಾರದು. ಒಂದು ಸಲ ಓದ್ಕೊಂಡು ಸಹಿ ಹಾಕಿ."

ಎರಡು ಪೀರಿಯಡ್ಡು ಒಂದು ಮಾಡಿದ್ದು, ಮಕ್ಕಳನ್ನು ಹಿಟ್ಟು ಕಾಯಲು ಕೂರಿಸುವುದು, ಎಲ್ಲ ಅರ್ಜಿಯಲ್ಲಿತ್ತು. ಕೊನೆಯ ಸಾಲಿನಲ್ಲಿ ಹೀಗಿತ್ತು: 'ಸದರಿ ಹಿಟ್ಟು ಅತಿಯಾಗಿ ಹುದುಗಿ, ಮರುದಿನದ ಇಡ್ಲಿಯು ಬಾಯಿಗಿಡಲಾಗದಷ್ಟು ಹುಳಿಯಾಗಿರುತ್ತದೆ.'

ಅವಳು ಆ ಸಾಲನ್ನು ಎರಡು ಸಲ ಓದಿದಳು. ಕಂಡಕ್ಟರು ಪಾತ್ರೆ ಕಂಡಿದ್ದ, ಕಾಳಯ್ಯ ಕಂಡಿದ್ದ, ಅಂಜಿನಪ್ಪ ಕಂಡಿದ್ದರು. ಇಡ್ಲಿಯನ್ನು ಯಾರು ತಿಂದಿದ್ದರು? ಅತ್ತೆಗೆ ಓದುಬರಹ ಬಾರದು. ದಯಾನಂದ ಆಫೀಸಿನಲ್ಲಿ ಟೈಪಿಸ್ಟು.

ಸಹಿ ಹಾಕಿದಳು. ಸಂಜೆ ಹಿಟ್ಟನ್ನು ಮಂಜುಶ್ರೀಯ ಅಜ್ಜಿ ಶಿವರುದ್ರಮ್ಮನಿಗೆ ಕೊಟ್ಟು, ಬರಿಗೈಯಲ್ಲಿ ಬಸ್ಸು ಹತ್ತಿದಳು.

ಮನೆಯಲ್ಲಿ ದಯಾನಂದ ಪೇಪರ್ ಓದುತ್ತಿದ್ದ. ಅವಳು ಅಡುಗೆಮನೆಗೆ ಹೋಗದೆ ಅವನೆದುರಿನ ಕುರ್ಚಿಯಲ್ಲಿ ಕೂತಳು.

"ಕುಣಿಗಲ್ಲಿಗೆ ಹಾಕ್ಸಿದ್ರೆ ಕೆಲ್ಸ ಬಿಡ್ತಾಳೆ ಅಂದ್ಕೊಂಡ್ರಾ?"

"ಯಾರೇ ಹೇಳಿದ್ದು ನಿಂಗೆ?"

"ನಿಮ್ಮ ನಾಲಗೆ. ಇಡ್ಲಿ ಹುಳಿ ಅಂತ ಅರ್ಜೀಲಿ ಬರ್ಯೋಕೆ ಇನ್ಯಾರಿಗೆ ಗೊತ್ತಿತ್ತು?"

ಅವನು ಪೇಪರ್ ಮಡಿಸಿದ. "ನಿನ್ನ ಒಳ್ಳೇದಕ್ಕೇ ಕಣೇ. ಓಡಾಡಿ ಓಡಾಡಿ ಹೆಂಗ್ ಸೊರಗಿದೀಯ ನೋಡು."

"ಹಾಕಿದ್ರೆ ಹೋಗ್ತಿದ್ದೆ ಕಣ್ರೀ. ಅಲ್ಲೇ ಒಂದು ರೂಮ್ ಮಾಡ್ಕೊಂಡು ಇರ್ತಿದ್ದೆ."

ತಮಾಷೆಯೇನೋ ಎಂದು ಅವನು ಅವಳ ಮುಖ ನೋಡಿದ. ಆಮೇಲೆ ಅಡುಗೆಮನೆಯ ಕಡೆ ನೋಡಿದ. "ನಾಳೆಗೆ ಹಿಟ್ಟು?"

"ಇಲ್ಲ."

"ಉದ್ದು ನೆನೆಹಾಕಿಲ್ವಾ?"

"ಡಬ್ಬಿ ಮೇಲೆ ಹೆಸರು ಬರ್ದಿದೀನಿ. ಓದಿ, ತಗೊಳ್ಳಿ."

ಅವಳು ಪೇಪರನ್ನು ತನ್ನ ಕಡೆಗೆ ಎಳೆದುಕೊಂಡಳು. ತುಸು ಹೊತ್ತಿನ ಮೇಲೆ ಒಳಗಿನಿಂದ ಡಬ್ಬಿಗಳ ಸದ್ದು ಕೇಳಿಸಿತು, ಕಾಳು ನೀರಿಗೆ ಸುರಿದ ಸದ್ದೂ ಕೇಳಿಸಿತು. ಅವನು ಉದ್ದಿನ ಬದಲು ಹೆಸರುಬೇಳೆ ನೆನೆಹಾಕಿರಬಹುದೆಂದು ಅವಳಿಗೆ ಬಲವಾದ ಅನುಮಾನ ಬಂತು. ಆದರೂ ಎದ್ದು ಹೋಗಿ ನೋಡಲಿಲ್ಲ.